ರವಿವಾರದ ಮಾತುಕತೆ: ತೆರೆ ಮೇಲಿನ ನಾವು

ಎಲ್ಲರಿಗೂ ನಮಸ್ಕಾರ. ಈ ರವಿವಾರ ಸಂಜೆ 5ಕ್ಕೆ ನವನಗರದಲ್ಲಿ, ಎಂದಿನ ಮಾಳಿಗೆ ಮೇಲೆ ಸೇರೋಣ. ವಿಷಯ: ಸಿನಿಮಾದವರು ನಮ್ಮನ್ನು, ಅಂದರೆ ಉತ್ತರ ಕರ್ನಾಟಕದವರನ್ನು, ಹೇಗೆ ತೋರಿಸುತ್ತಾರೆ?

ಬಹಳ ಚಿತ್ರಗಳಲ್ಲಿ ನಮ್ಮ ಕಡೆಯವನು ಅಂದರೆ ಒಂದೋ ನಗಿಸುವವನು, ಇಲ್ಲಾ ಮೀಸೆ ತಿರುವುವ ಗೌಡ. ಮಾತಿಗೆಲ್ಲ ಸುಮ್ನೆ 'ರೀ' ಅಂಟಿಸಿದರೆ ಬಾಗಲಕೋಟೆ ಕನ್ನಡ ಆಗಲ್ಲ, ಅಲ್ವಾ? ಬೀಳಗಿಯವರ ಮಾತು ಬೇರೆ, ಮರಾಠಿ ಬೆರೆತ ಬೆಳಗಾವಿಯ ಮಾತು ಬೇರೆ.

ಸೀರೆಯ ಕಥೆ ಇನ್ನೂ ಮಜಾ. ಮೊನ್ನೆ ನೋಡಿದ ಒಂದು ಚಿತ್ರದಲ್ಲಿ ಹಳ್ಳಿ ಅವ್ವನಿಗೆ ಇಳಕಲ್ ಸೀರೆ ಅಂತ ಏನೋ ಉಡಿಸಿದ್ದಾರೆ. ಸೆರಗಿನಲ್ಲಿ ತೋಪು ತೆನೆ ವಿನ್ಯಾಸವೇ ಇಲ್ಲ! ಕೆಂಪು ಸೆರಗಿನ ಮೇಲೆ ಬಿಳಿ ತೆನೆ ಕಾಣದಿದ್ದರೆ ಅದು ಯಾವ ಊರಿನ ಇಳಕಲ್? ನಮ್ಮವ್ವ ಟಿವಿ ಮುಂದೆ ಕೂತೇ ಬೈದಳು.

1997ರ 'ನಾಗಮಂಡಲ' ಚಿತ್ರ ನೆನಪಿದೆಯಲ್ಲ? ನಿರ್ದೇಶಕ ನಾಗಾಭರಣ ಅವರು ಅದರಲ್ಲಿ ನಮ್ಮ ಕಡೆ ಮಾತನ್ನೇ ಇಟ್ಟರು. ಪ್ರೀತಿ, ಸಿಟ್ಟು, ಅಳು ಎಲ್ಲಾ ಆ ಮಾತಿನಲ್ಲೇ. ಈ ಚಿತ್ರದ ಬಗ್ಗೆ ಜಾಸ್ತಿ ಮಾತಾಡೋಣ.

ಒಬ್ಬೊಬ್ಬರು ಒಂದೊಂದು ದೃಶ್ಯ ಹುಡುಕಿಕೊಂಡು ಬನ್ನಿ. ಇಡೀ ಸಿನಿಮಾ ಗುಂಪಿಗೆ ಹಾಕಬೇಡಿ, ಫೋನ್ ತುಂಬುತ್ತದೆ. ಗಿರಮಿಟ್ ನನ್ನ ಕಡೆಯಿಂದ. ಬರುವವರು ಶನಿವಾರದೊಳಗೆ ಹೇಳಿ, ಗಿರಮಿಟ್‌ಗೆ ಚುರುಮುರಿ (ಮಂಡಕ್ಕಿ) ಎಷ್ಟು ತರಬೇಕು ಗೊತ್ತಾಗಲಿ.