ಬಿಸಿ ಸಾರಿಗೆ ಡಬ್ಬಿ ತನ್ನಿ

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ 14 ವರ್ಷದಿಂದ ಸಣ್ಣ ಖಾನಾವಳಿ ನಡೆಸುತ್ತಿದ್ದೇನೆ. ಕೂತು ಉಣ್ಣುವವರಿಗಿಂತ ಪಾರ್ಸಲ್ ಒಯ್ಯುವವರೇ ಜಾಸ್ತಿ. ರೊಟ್ಟಿಯದೇನೂ ಚಿಂತೆ ಇಲ್ಲ, ಬಟ್ಟೆಯಲ್ಲಿ ಕಟ್ಟಿದರೂ ನಡೆಯುತ್ತದೆ. ಚಿಂತೆ ಇರುವುದು ಬೇಳೆಸಾರು, ಎಣ್ಣೆಗಾಯಿಯದು. ಒಲೆಯಿಂದ ಇಳಿಸಿದ್ದನ್ನು ಹಾಗೇ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ದಾರ ಸುತ್ತಿ ಕೊಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಹಾಸ್ಟೆಲ್ ಹುಡುಗನೊಬ್ಬ ಪಾರ್ಸಲ್ ಕಟ್ಟಿಸಿ, ಫೋನಿನಲ್ಲಿ ಮಾತಾಡುತ್ತ ಅರ್ಧ ತಾಸು ಹೊರಗೇ ನಿಂತ. ಅಷ್ಟರಲ್ಲಿ ಚೀಲ ಮೆತ್ತಗಾಗಿ ಜೋತುಬಿದ್ದಿತ್ತು. ಎಣ್ಣೆ ತಾಗಿದ ಕಡೆಯೆಲ್ಲ ಸುಕ್ಕು. ಬಿಚ್ಚಿ ಮೂಸಿದರೆ ಒಗ್ಗರಣೆಗಿಂತ ಮೊದಲು ಪ್ಲಾಸ್ಟಿಕ್ ವಾಸನೆ ಬಂತು. ನನ್ನ ಕೈಯಡುಗೆ ಅದು! ಬೇರೆ ಸಾರು ಹಾಕಿ ನಮ್ಮ ಮನೆಯ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟು ಕಳಿಸಿದೆ. ಆದರೆ ಎರಡು ವರ್ಷ ದಿನಕ್ಕೆ ಎರಡು ಹೊತ್ತು ಅವನಿಗೆ ಅದೇ ಚೀಲದಲ್ಲಿ ಕೊಟ್ಟಿದ್ದೆನಲ್ಲ, ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನರ್ಸಿಂಗ್ ಓದುವ ಮಗಳು ಮೈಕ್ರೋಪ್ಲಾಸ್ಟಿಕ್ ಬಗ್ಗೆ ಹೇಳಿದಳು. 5 ಮಿಲಿಮೀಟರಿಗಿಂತ ಸಣ್ಣ ಚೂರುಗಳು ಇವು, ಬಹಳಷ್ಟು ಕಣ್ಣಿಗೇ ಕಾಣುವುದಿಲ್ಲ. ಪೇಪರ್ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಅದರಲ್ಲಿ 100 ಮಿಲಿಲೀಟರ್ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಕಣ ಬಿಡುತ್ತವೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲಿ ಕಂಡುಕೊಂಡರು. ಕುದಿಯುವ ಸಾರು ಸುರಿದ ಚೀಲದ ಗತಿ ಏನು ಅಂತ ನನಗೆ ಭಯ ಹತ್ತಿದ್ದು ಅದಕ್ಕೇ.

ಇದರಿಂದಲೇ ಕರುಳಿನ ರೋಗ ಬರುತ್ತದೆ ಎಂದು ಇನ್ನೂ ಸಾಬೀತಾಗಿಲ್ಲ, ಸುಮ್ನೆ ಹೆದರಿಸಲಾರೆ. ಆದರೆ ಇಲಿಗಳಿಗೆ ಈ ಕಣ ತಿನ್ನಿಸಿದಾಗ ಕರುಳನ್ನು ಕಾಯುವ ಲೋಳೆ ಕಡಿಮೆಯಾಗಿದೆ, ಒಳಗಿನ ಬ್ಯಾಕ್ಟೀರಿಯಾಗಳ ಲೆಕ್ಕ ಏರುಪೇರಾಗಿದೆ. ಚೀನಾದಲ್ಲಿ ಕರುಳಿನ ಉರಿಯೂತ ಇದ್ದವರ ಮಲದಲ್ಲಿ ಆರೋಗ್ಯವಂತರಿಗಿಂತ ಜಾಸ್ತಿ ಕಣ ಸಿಕ್ಕಿವೆ. ಕಣದಿಂದ ರೋಗವೋ, ರೋಗದಿಂದ ಕಣ ಒಳಗೇ ಉಳಿದವೋ, ಅದು ಗೊತ್ತಾಗುವವರೆಗೆ ಬಿಸಿ ಸಾರು ಚೀಲಕ್ಕೆ ಸುರಿಯುತ್ತಲೇ ಇರಬೇಕಾ?

ಈಗ ಡಬ್ಬಿ ತಂದವರಿಗೆ 5 ರೂಪಾಯಿ ಕಡಿಮೆ ಮಾಡಿದ್ದೇನೆ. ತರದವರಿಗೆ ಠೇವಣಿ ಇಟ್ಟುಕೊಂಡು ಕೊಡಲು 20 ಡಬ್ಬಿ ಇಟ್ಟಿದ್ದೇನೆ, 17 ತಿರುಗಿ ಬಂದಿವೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ 2016ರಿಂದಲೇ ನಿಷೇಧ. ಕಾಯಿಪಲ್ಯೆ ಮಾರುವವರ ಬುಟ್ಟಿ ತಪಾಸಣೆ ಮಾಡುವವರು ಹೋಟೆಲುಗಳ ಪಾರ್ಸಲ್ ಕಟ್ಟುವ ಜಾಗವನ್ನೂ ಒಮ್ಮೆ ನೋಡಲಿ. ಗಿರಾಕಿಗಳೇ, ಗಾಡಿಯ ಡಿಕ್ಕಿಯಲ್ಲಿ ಒಂದು ಡಬ್ಬಿ ಇಟ್ಟುಕೊಂಡೇ ಮನೆ ಬಿಡಿ. ತೊಳೆದಿಲ್ಲದಿದ್ದರೆ ನಾನೇ ತೊಳೆದು ತುಂಬಿಸಿ ಕೊಡುತ್ತೇನೆ.

ಖಾನಾವಳಿ ನಡೆಸುವ ಹೆಣ್ಣುಮಗಳು, ವಿಜಯಪುರ