ಕ್ರಿ.ಶ. 476ರಲ್ಲಿ ಯುರೋಪು ಕತ್ತಲಾಗಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಈಚೆಗೆ ಬಂದ ಯುರೋಪಿನ ಇತಿಹಾಸದ ಲೇಖನವೊಂದು, ಕ್ರಿ.ಶ. 476ರಲ್ಲಿ ರೋಮ್ ಸಾಮ್ರಾಜ್ಯ ಬಿದ್ದ ಮೇಲೆ ಸಾವಿರ ವರ್ಷ ಯುರೋಪು ‘ಕತ್ತಲೆಯ ಯುಗ’ದಲ್ಲಿತ್ತು ಎಂದು ಹೇಳುತ್ತದೆ. ಮಳೆಗಾಲದ ರಜೆಗೆ ಮನೆಗೆ ಬಂದಿದ್ದ ಮೊಮ್ಮಗಳು ಆ ಸಾಲಿಗೆ ಅಡಿಗೆರೆ ಹಾಕಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ಕೊಡಗಿನ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ನಾನೂ ಆರಂಭದ ವರ್ಷಗಳಲ್ಲಿ ಇದೇ ಮಾತನ್ನು ಮಕ್ಕಳಿಗೆ ಬರೆಸಿದ್ದೇನೆ. ಅದನ್ನು ತಿದ್ದುವ ಹೊಣೆ ನನ್ನ ಮೇಲೂ ಇದೆಯೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಆ ವರ್ಷ ನಡೆದದ್ದು ಇಷ್ಟು: ಜರ್ಮಾನಿಕ್ ಪಡೆಗಳ ನಾಯಕ ಓಡೊಆಸರ್, ಇಟಲಿಯ ರವೆನ್ನಾದಲ್ಲಿದ್ದ ಪಶ್ಚಿಮ ರೋಮಿನ ಬಾಲಕ ಚಕ್ರವರ್ತಿ ರೋಮುಲಸ್ ಅಗಸ್ಟುಲಸ್‌ನನ್ನು ಪದಚ್ಯುತಗೊಳಿಸಿ, ರಾಜಚಿಹ್ನೆಗಳನ್ನು ಪೂರ್ವ ರೋಮಿನ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಝೀನೋನಿಗೆ ಕಳುಹಿಸಿಕೊಟ್ಟನು. ರೋಮಿನ ಸೆನೆಟ್ ಸಭೆ ಆಮೇಲೂ ಸೇರುತ್ತಿತ್ತು. ಪೂರ್ವದ ರೋಮ್ ಸಾಮ್ರಾಜ್ಯವಂತೂ 1453ರವರೆಗೆ ಬಾಳಿತು. ಕೊಡಗಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳುಹಿಸಿದಾಗ ಅರಸುಮನೆತನದ ಆಳ್ವಿಕೆ ಮುಗಿಯಿತು. ಆದರೆ ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳು ಉಳಿದವು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಕ್ಕು ಉಳಿಯಿತು, ಕಚೇರಿಯ ಕನ್ನಡವೂ ಉಳಿಯಿತು. ಅರಸನ ಪಟ್ಟ ಹೋದ ದಿನವನ್ನೇ ನಾಡಿನ ಬದುಕು ನಿಂತ ದಿನವೆಂದು ನಮ್ಮ ಜಿಲ್ಲೆಯ ಬಗ್ಗೆ ಯಾರಾದರೂ ಬರೆದರೆ ನಾವು ಒಪ್ಪುವುದಿಲ್ಲ.

ರೋಮಿನಲ್ಲಿ ಉಳಿದುದನ್ನು ಉಳಿಸಿದವರು ಯಾರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಇಟಲಿಯನ್ನು ಆಳುತ್ತಿದ್ದ ಗಾಥಿಕ್ ದೊರೆ ಥಿಯೊಡೊರಿಕ್‌ನ ಆಸ್ಥಾನದಲ್ಲಿ ಬೊಯೆಥಿಯಸ್ ಎಂಬ ರೋಮನ್ ವಿದ್ವಾಂಸನಿದ್ದನು. ಅರಿಸ್ಟಾಟಲನ ತರ್ಕಗ್ರಂಥಗಳನ್ನು ಗ್ರೀಕ್‌ನಿಂದ ಲ್ಯಾಟಿನ್‌ಗೆ ತಂದವನು ಅವನು. ಮುಂದೆ ಹನ್ನೆರಡನೆಯ ಶತಮಾನದವರೆಗೂ ಪಶ್ಚಿಮ ಯುರೋಪು ಅರಿಸ್ಟಾಟಲನನ್ನು ಬಲ್ಲದ್ದು ಬಹುಮಟ್ಟಿಗೆ ಅವನ ಮೂಲಕವೇ. ರಾಜದ್ರೋಹದ ಆರೋಪದ ಮೇಲೆ ಸೆರೆಯಲ್ಲಿದ್ದು, ಸುಮಾರು 524ರಲ್ಲಿ ಮರಣದಂಡನೆಗೆ ಗುರಿಯಾಗುವ ಮುನ್ನ, ತತ್ತ್ವವೇ ಹೆಣ್ಣಿನ ರೂಪದಲ್ಲಿ ಬಂದು ತನ್ನನ್ನು ಸಂತೈಸಿದಂತೆ ಅವನು ಬರೆದ ಗ್ರಂಥವನ್ನು ಮಧ್ಯಯುಗದ ಯುರೋಪು ಮತ್ತೆಮತ್ತೆ ಓದಿತು. ಅದೇ ಆಸ್ಥಾನದಲ್ಲಿದ್ದ ಕ್ಯಾಸಿಯೊಡೋರಸ್ ಅಧಿಕಾರ ಬಿಟ್ಟ ಮೇಲೆ ದಕ್ಷಿಣ ಇಟಲಿಯ ತನ್ನ ಜಮೀನಿನಲ್ಲಿ ವಿವೇರಿಯಂ ಎಂಬ ಮಠ ಕಟ್ಟಿ, ಸನ್ಯಾಸಿಗಳಿಂದ ಗ್ರಂಥಗಳ ನಕಲು ಮಾಡಿಸಿದನು. ಸುಮಾರು 529ರಲ್ಲಿ ಮಾಂಟೆ ಕಸ್ಸಿನೊ ಮಠವನ್ನು ಸ್ಥಾಪಿಸಿದ ಸಂತ ಬೆನೆಡಿಕ್ಟನು ತನ್ನ 73 ಅಧ್ಯಾಯಗಳ ನಿಯಮಾವಳಿಯಲ್ಲಿ ದುಡಿಮೆಗೂ ಓದಿಗೂ ದಿನದ ಹೊತ್ತುಗಳನ್ನು ಗೊತ್ತುಮಾಡಿ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಪ್ರತಿಯೊಬ್ಬನೂ ಒಂದೊಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕೆಂದು ವಿಧಿಸಿದನು. ನಮ್ಮ ಓಲೆಗರಿಗಳ ವಿಷಯ ಬಲ್ಲವರಿಗೆ ಈ ನಕಲಿನ ಬೆಲೆ ತಿಳಿಯುತ್ತದೆ: ಹಳೆಯ ಪ್ರತಿಯನ್ನು ಹುಳ ತಿನ್ನುವುದಕ್ಕೆ ಮುಂಚೆ ಯಾರೋ ಒಬ್ಬರು ಕುಳಿತು ಮತ್ತೆ ಬರೆಯದಿದ್ದರೆ ಗ್ರಂಥ ಅಲ್ಲಿಗೇ ಮುಗಿಯುತ್ತದೆ.

ಲ್ಯಾಟಿನ್ ಭಾಷೆಯನ್ನೂ ಕಾಪಾಡಿದ್ದು ಈ ಮಠಗಳು ಮತ್ತು ಚರ್ಚು. ಇಲ್ಲಿಯೇ ವಿರಾಜಪೇಟೆಯಲ್ಲಿ, ದೊಡ್ಡವೀರರಾಜೇಂದ್ರನ ಕಾಲದಲ್ಲಿ ನೆಲೆಯಾದ ಸಂತ ಅನ್ನಮ್ಮನವರ ಚರ್ಚಿನಲ್ಲಿ 1960ರ ದಶಕದವರೆಗೂ ಬಲಿಪೂಜೆ ಆ ಭಾಷೆಯಲ್ಲಿಯೇ ನಡೆಯುತ್ತಿತ್ತು.

800ರ ಕ್ರಿಸ್‌ಮಸ್ ದಿನ ರೋಮಿನಲ್ಲಿ ಪೋಪರಿಂದ ಚಕ್ರವರ್ತಿಯ ಕಿರೀಟ ಧರಿಸಿದ ಫ್ರಾಂಕ್ ಜನರ ದೊರೆ ಶಾರ್ಲ್‌ಮೇನ್ ಬಗ್ಗೆ ಲೇಖನದಲ್ಲಿ ಒಂದು ಸಾಲಿದೆ, ಅದೂ ಯುದ್ಧಗಳ ಬಗ್ಗೆ. ಆ ಯುದ್ಧಗಳು ಕ್ರೂರವಾಗಿದ್ದವು, ನಿಜ. ಆದರೆ ಮಠಗಳಲ್ಲಿಯೂ ಬಿಷಪರ ಪೀಠಗಳಲ್ಲಿಯೂ ಶಾಲೆ ನಡೆಸಬೇಕೆಂದು 789ರಲ್ಲಿ ಆಜ್ಞೆ ಹೊರಡಿಸಿದವನೂ, ಇಂಗ್ಲೆಂಡಿನ ಯಾರ್ಕ್‌ನಿಂದ ಆಲ್ಕುಯಿನ್ ಎಂಬ ಗುರುವನ್ನು ಕರೆಸಿಕೊಂಡವನೂ ಅವನೇ. ಅವನ ಕಾಲದ ಮಠಗಳಲ್ಲಿ ದುಂಡಗಿನ, ಪದಪದಗಳ ನಡುವೆ ತೆರಪು ಬಿಡುವ ಸ್ಪಷ್ಟವಾದ ಒಂದು ಬರವಣಿಗೆ ಬಳಕೆಗೆ ಬಂದಿತು. ಪ್ರಾಚೀನ ಲ್ಯಾಟಿನ್ ಕೃತಿಗಳಲ್ಲಿ ಎಷ್ಟೋ ಇಂದು ನಮಗೆ ಸಿಗುವುದು ಆ ಬರವಣಿಗೆಯ ಪ್ರತಿಗಳಿಂದ. ಹದಿನೈದನೆಯ ಶತಮಾನದ ಇಟಲಿಯ ವಿದ್ವಾಂಸರು ಅದನ್ನು ಪುರಾತನ ರೋಮಿನ ಲಿಪಿಯೆಂದೇ ಭಾವಿಸಿ ಅನುಸರಿಸಿದರು. ಅದು ಅಚ್ಚಿನ ಮೊಳೆಗೆ ಬಂದಿತು. ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ತಿದ್ದುವ ಇಂಗ್ಲಿಷಿನ ಸಣ್ಣಕ್ಷರಗಳ ಮೂಲ ಅಲ್ಲಿದೆ.

ಕಾನೂನಿನ ಕಥೆಯೂ ಇಂತಹದೇ. ಪೂರ್ವ ರೋಮಿನ ಚಕ್ರವರ್ತಿ ಜಸ್ಟೀನಿಯನ್ 533ರಲ್ಲಿ ರೋಮಿನ ನ್ಯಾಯಪಂಡಿತರ ಅಭಿಪ್ರಾಯಗಳನ್ನು 50 ಭಾಗಗಳಲ್ಲಿ ಸಂಗ್ರಹಿಸಿ ಹೊರಡಿಸಿದನು. ಪಶ್ಚಿಮದಲ್ಲಿ ಮರೆತಂತಾಗಿದ್ದ ಆ ಸಂಗ್ರಹ ಹನ್ನೊಂದನೆಯ ಶತಮಾನದಲ್ಲಿ ಇಟಲಿಯಲ್ಲಿ ಮತ್ತೆ ಬೆಳಕಿಗೆ ಬಂದು, ಅದನ್ನು ಕಲಿಯಲು ಬೊಲೋನಾಕ್ಕೆ ಬಂದ ವಿದ್ಯಾರ್ಥಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ‘ಯೂನಿವರ್ಸಿಟಿ’ ಎಂಬ ಮಾತಿನ ಮೂಲಾರ್ಥ ಅಂತಹ ಸಂಘವೆಂದೇ. ಸ್ಪೇನಿನ ಟೊಲೆಡೊದಲ್ಲಿ ಅರಬ್ಬಿಯಿಂದ ಲ್ಯಾಟಿನ್‌ಗೆ ಆದ ಅನುವಾದಗಳು, ಅರಿಸ್ಟಾಟಲನ ಮೇಲೆ ಮುಸ್ಲಿಂ ತತ್ತ್ವಜ್ಞಾನಿ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನಗಳು, ಅವನ್ನೆದುರಿಟ್ಟುಕೊಂಡು ಪ್ಯಾರಿಸ್ಸಿನಲ್ಲಿ ಕ್ರೈಸ್ತ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ನಡೆಸಿದ ವಾದ, ಇವೆಲ್ಲಕ್ಕೆ ಬೇರೆಯೇ ಲೇಖನ ಬೇಕು.

541ರಲ್ಲಿ ಆರಂಭವಾದ ಪ್ಲೇಗ್, 1096ರಲ್ಲಿ ರೈನ್ ನದೀತೀರದ ಯಹೂದಿಗಳ ಹತ್ಯೆ, 1347ರಿಂದ ಬಂದೆರಗಿದ ಮಹಾಮಾರಿ ಯಾವುದನ್ನೂ ನಾನು ಮರೆಮಾಚುತ್ತಿಲ್ಲ. ಆದರೆ ‘ಕತ್ತಲೆ’ ಎಂಬ ಹೋಲಿಕೆ ಹದಿನಾಲ್ಕನೆಯ ಶತಮಾನದ ಕವಿ ಪೆಟ್ರಾರ್ಕನದು. ಹಳೆಯ ರೋಮನ್ನು ಅತಿಯಾಗಿ ಪ್ರೀತಿಸಿದವನ ನೋವಿನ ಮಾತು ಅದು, ಇತಿಹಾಸದ ತೀರ್ಪಲ್ಲ. ಪುರವಣಿಯ ಮುಂದಿನ ಕಂತುಗಳಲ್ಲಿ ಆ ಪದವನ್ನು ಬಿಟ್ಟು ‘ಮಧ್ಯಯುಗ’ ಎಂದು ಬಳಸಬೇಕೆಂದೂ, ಬೊಯೆಥಿಯಸ್ ಮತ್ತು ಬೆನೆಡಿಕ್ಟರ ಬಗ್ಗೆ ಅರ್ಧ ಪುಟವನ್ನಾದರೂ ಮೀಸಲಿಡಬೇಕೆಂದೂ ವಿನಂತಿಸುತ್ತೇನೆ.

— ನಿವೃತ್ತ ಇತಿಹಾಸ ಶಿಕ್ಷಕ, ವಿರಾಜಪೇಟೆ, ಕೊಡಗು