ಬಣ್ಣ ನೋಡಿ ಕಪ್ಪೆಯ ಪ್ರಭೇದ ಹೇಳಲಾಗದು

ಮಾನ್ಯರೇ,

‘ಹೊಸ ಕಪ್ಪೆ ಪ್ರಭೇದ ಪತ್ತೆ’ ಎಂಬ ಸುದ್ದಿಗಳಲ್ಲಿ ಸಾಮಾನ್ಯವಾಗಿ ಒಂದು ಬಣ್ಣದ ಚಿತ್ರ, ‘ಡಿಎನ್‌ಎ ಶೇ 3ರಷ್ಟು ಭಿನ್ನ’ ಎಂಬ ಒಂದು ಸಾಲು ಇರುತ್ತವೆ. ಇಷ್ಟರಿಂದಲೇ ಪ್ರಭೇದ ನಿರ್ಧಾರವಾಗುವುದಿಲ್ಲ. ಒಂದೇ ಕೊಳದ ಒಂದೇ ಪ್ರಭೇದದಲ್ಲಿ ಹಸಿರು ಬಣ್ಣದವು, ಕಂದು ಬಣ್ಣದವು, ಬೆನ್ನ ಮೇಲೆ ಗೆರೆ ಇರುವವು, ಇಲ್ಲದವು ಎಲ್ಲವೂ ಸಿಗಬಹುದು.

ಕೂಗು ಇದಕ್ಕಿಂತ ನಂಬಿಕಸ್ಥ ಗುರುತು. ಉತ್ತರ ಅಮೆರಿಕದ ಎರಡು ಬೂದು ಮರಗಪ್ಪೆಗಳನ್ನು ಅಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ಸಿಗದು. ಆದರೆ ಒಂದಕ್ಕೆ 24 ವರ್ಣತಂತುಗಳು, ಇನ್ನೊಂದಕ್ಕೆ 48. ಒಂದೇ ತಾಪಮಾನದಲ್ಲಿ ಮೊದಲನೆಯದರ ಕೂಗಿನ ಮಿಡಿತ, ಅಂದರೆ ಕೂಗಿನೊಳಗಿನ ಚಿಕ್ಕ ಚಿಕ್ಕ ಸದ್ದುಗಳು ಬರುವ ಗತಿ, ಸುಮಾರು ದುಪ್ಪಟ್ಟು ವೇಗ. ಹೆಣ್ಣು ಆ ಮಿಡಿತ ಕೇಳಿಯೇ ತನ್ನ ಜೋಡಿಯನ್ನು ಗುರುತಿಸುತ್ತದೆ. ಚಳಿ ಹೆಚ್ಚಿದಂತೆ ಮಿಡಿತ ನಿಧಾನವಾಗುವುದರಿಂದ ಧ್ವನಿಮುದ್ರಣದ ಜೊತೆಗೇ ತಾಪಮಾನ ಬರೆದಿಡಬೇಕು. ಇಲ್ಲವಾದರೆ ತಂಪು ರಾತ್ರಿಯಲ್ಲಿ ಕೂಗಿದ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯವಿದೆ.

ಇನ್ನು ಆ ಶೇ 3. ಸಾಮಾನ್ಯವಾಗಿ ಇದು ಮೈಟೊಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಭಾಗ) 16ಎಸ್ ಎಂಬ ಜೀನಿನಲ್ಲಿ, ಸುಮಾರು 550 ಡಿಎನ್‌ಎ ಅಕ್ಷರಗಳ ತುಣುಕೊಂದರ ಲೆಕ್ಕ. ಹೆಚ್ಚಿನ ಪರಿಶೀಲನೆ ಬೇಕು ಎನ್ನಲು ಇದು ಸಾಕು, ತೀರ್ಪಿಗೆ ಸಾಲದು. ಮೈಟೊಕಾಂಡ್ರಿಯ ಬರುವುದು ತಾಯಿಯ ಕಡೆಯಿಂದ. ಎರಡು ಪ್ರಭೇದಗಳು ಬೆರೆತಾಗ ಒಂದರ ಮೈಟೊಕಾಂಡ್ರಿಯ ಇನ್ನೊಂದರ ಮೈಯಲ್ಲಿ ತಲೆಮಾರುಗಟ್ಟಲೆ ಉಳಿದುಬಿಡಬಹುದು; ಯುರೋಪಿನ ನೀರುಗಪ್ಪೆಗಳಲ್ಲಿ ಹೀಗೇ ಆಗಿದೆ. ಕೋಶಕೇಂದ್ರದ ಹಲವು ಜೀನ್‌ಗಳನ್ನೂ ಓದದೆ ವಂಶವೃಕ್ಷ ಬರೆದರೆ ಕೊಂಬೆಗಳು ತಪ್ಪು ಜಾಗದಲ್ಲಿ ಕೂರುತ್ತವೆ.

ಮಾದರಿ ಸಂಗ್ರಹಿಸುವಾಗಿನ ಒಂದು ತಪ್ಪಂತೂ ಸರಿಪಡಿಸಲಾಗದಷ್ಟು ದುಬಾರಿ. ಅಕ್ಕಿಕಾಳಿನಷ್ಟು ಯಕೃತ್ತು ಅಥವಾ ತೊಡೆಯ ಸ್ನಾಯು ಮೊದಲು ಶೇ 95ರ ಎಥನಾಲ್‌ಗೆ ಹೋಗಬೇಕು, ದೇಹ ಆಮೇಲೆ ಅದನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ. ಕ್ರಮ ತಿರುಗಿದರೆ ಫಾರ್ಮಲಿನ್ ಡಿಎನ್‌ಎಯನ್ನು ಚೂರು ಮಾಡುತ್ತದೆ.

ಬಾಹ್ಯರೂಪ ನಂಟಿನ ವಿಷಯದಲ್ಲೂ ಮೋಸ ಮಾಡುತ್ತದೆ. ಮಡಗಾಸ್ಕರದ ಮಂಟೆಲ್ಲಾ ಮತ್ತು ದಕ್ಷಿಣ ಅಮೆರಿಕದ ವಿಷಗಪ್ಪೆಗಳು ಎರಡೂ ಗಾಢ ಬಣ್ಣದವು, ಎರಡರ ಚರ್ಮದಲ್ಲೂ ವಿಷ. ಆದರೂ ಅವು ದೂರದ ಕುಟುಂಬಗಳು. ಪಶ್ಚಿಮ ಘಟ್ಟದ ನಾಸಿಕಬ್ಯಾಟ್ರಾಕಸ್ ಊದಿದ ಮೈ, ಮೊನಚು ಮೂತಿಯ, ನೆಲದಡಿ ಬದುಕುವ ಕಪ್ಪೆ. 2003ರಲ್ಲಿ ವಿವರಿಸಲಾದ ಇದರ ಹತ್ತಿರದ ನೆಂಟರು ಸಮುದ್ರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿವೆ ಎಂದು ತೋರಿಸಿಕೊಟ್ಟದ್ದು ಡಿಎನ್‌ಎ.

ಆದ್ದರಿಂದ ಇಂಥ ಸುದ್ದಿ ಪ್ರಕಟಿಸುವಾಗ ಮಾದರಿ ಯಾವ ಸಂಗ್ರಹಾಲಯದಲ್ಲಿದೆ, ಕೂಗು ದಾಖಲಾಗಿದೆಯೇ, ಎಷ್ಟು ಜೀನ್‌ಗಳನ್ನು ಹೋಲಿಸಿದ್ದಾರೆ ಎಂಬುದನ್ನು ಸಂಶೋಧಕರಿಂದ ಕೇಳಿ ಒಂದೆರಡು ಸಾಲಿನಲ್ಲಾದರೂ ಕೊಡಿ.

– ಓದುಗರು